ಮಾತು ಬರಬೇಕು, ಹಾಡು ಬರಬಾರದು

ನೋಡಿ ಸ್ವಾಮಿ, ಮೊದಲೇ ಹೇಳಿಬಿಡುತ್ತೇನೆ. ನೀವು ಇದುವರೆಗೆ ಪರದೆ ಮೇಲೆ ನೋಡಿದ ಹೀರೋ ಎಂಟ್ರಿಗಳೆಲ್ಲ ಒಂದು ತೂಕ, ನಮ್ಮ ಟೇಪ್ ಮಾಸ್ಟರ್ ಮೂರನೇ ಮಹಡಿ ಹತ್ತಿದ್ದು ಒಂದು ತೂಕ. ಎಡಗೈಯಲ್ಲಿ ಮೊಮ್ಮಗಳು. ಬಲಗೈ ಗಾಳಿಯಲ್ಲಿ. ಕೊರಳಲ್ಲಿ ಅಳತೆ ಟೇಪು ಬಾವುಟದ ಹಾಗೆ ಹಾರುತ್ತಿದೆ. ಹೆಜ್ಜೆ ಹೆಜ್ಜೆಗೂ ಕಟ್ಟಡ ಅದುರುತ್ತಿದೆ. ಒಂದನೇ ಮಹಡಿಯಲ್ಲಿ ಶಿಳ್ಳೆ, ಎರಡನೇ ಮಹಡಿಯಲ್ಲಿ ಚಪ್ಪಾಳೆ, ಮೂರನೇ ಮಹಡಿಯಲ್ಲಿ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದಾರೆ. ಮಾಸ್ಟರ್ ಒಂದೇ ಉಸಿರಿನಲ್ಲಿ ಹತ್ತಿ ಮುಗಿಸಿದರು, ಹಿಂದೆ ತಿರುಗಿ ಒಂದು ಲುಕ್ ಕೊಟ್ಟರು. ಅಷ್ಟೇ, ಸೀನ್ ಕಟ್.

ನಂಬಿಕೆ ಬರಲಿಲ್ಲವೇ? ಹಾಗಾದರೆ ಕೂತು ಕೇಳಿ. ಬೇಡ, ನಿಂತೇ ಕೇಳಿ. ಕೂತೂ ಕೂತೂ ಏನಾಯಿತು ಅನ್ನುವುದೇ ಈ ಕಥೆ.

ಟೇಪ್ ಮಾಸ್ಟರ್ ಅಂದರೆ ನಮ್ಮ ಬೀದಿಯ ಟೈಲರ್. ಸ್ನಾನದ ಹೊತ್ತು ಬಿಟ್ಟರೆ ಟೇಪು ಅವರ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಕಟ್ಟಡದ ಕೆಳಗೆ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ, ಲಿಫ್ಟ್ ಇಲ್ಲ. ಅಂಗಡಿಯೊಳಗೆ ಕಿಟಕಿಗೆ ಒತ್ತಿ ಹೊಲಿಗೆ ಮಿಷಿನ್, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಟ್ರಯಲ್ ನೋಡುವವರಿಗೆ ಮೂಲೆಯಲ್ಲೊಂದು ಕನ್ನಡಿ. ಮಾಸ್ಟರ್ ಕುರ್ಚಿಯ ಮೇಲೊಂದು ದಿಂಬು. ಬೆಳಿಗ್ಗೆ ಕೂತರೆ ದೀಪ ಆರಿಸುವ ಹೊತ್ತಿಗೆ ಏಳುವುದು. ಊಟ ಕ್ಯಾರಿಯರ್‌ನಲ್ಲಿ ಕೆಳಗೆ ಬರುತ್ತಿತ್ತು, ಟೀ ಲೋಟದಲ್ಲಿ ಕೆಳಗೆ ಬರುತ್ತಿತ್ತು. ಹೆಂಡತಿಯೂ ಕೆಳಗೆ ಬಂದು, ಗುಂಡಿ ಹಾಕಿ, ಅಂಚು ಮಡಚಿ ಹೊಲಿದು, ಮೇಲೆ ಹೋಗುತ್ತಿದ್ದರು. ಮಾಸ್ಟರ್ ಮಾತ್ರ ಇದ್ದಲ್ಲೇ ಇರುತ್ತಿದ್ದರು.

ಬೇರೆಯವರ ಸೊಂಟ ಒಂದು ನೂಲಿನಷ್ಟು ದಪ್ಪವಾದರೂ ಅವರು ಕಣ್ಣಳತೆಯಲ್ಲೇ ಹಿಡಿದು ಕಾಲೆಳೆಯುವವರು. ತಮ್ಮ ಪ್ಯಾಂಟು ಬಿಗಿಯಾದರೆ ಮಾತ್ರ ಬಾಗಿಲು ಹಾಕಿಕೊಂಡು ಹಿಂದಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳುತ್ತಿದ್ದರು. ಟೈಲರ್ ಆಗಿರುವುದರ ಅನುಕೂಲವೇ ಅದು. ಹೊಟ್ಟೆ ಬೆಳೆದ ಸುದ್ದಿ ಪ್ಯಾಂಟಿಗೂ ತಲುಪುವುದಿಲ್ಲ.

ಆ ದಿನಗಳಲ್ಲಿ ಮಗಳು ಮಗುವಿನ ಜೊತೆ ತವರಲ್ಲಿದ್ದಳು. ಅಳಿಯನಿಗೆ ಬೇರೆ ಊರಿಗೆ ವರ್ಗವಾಗಿತ್ತು, ಅಲ್ಲಿ ಮನೆ ಸಿಕ್ಕ ಕೂಡಲೇ ತಾಯಿ ಮಗು ಹೊರಡುವುದೆಂದು ಮಾತು. ಮಗು ಗುಂಡಗುಂಡಗೆ, ನೆಲಕ್ಕೆ ಬಿಟ್ಟರೆ ಉರುಳಿಕೊಂಡು ಹೋಗಿ ಮೇಜಿನ ಕೆಳಗೆ ಮಾಯ. ಮಾಸ್ಟರ್ ಅದಕ್ಕೆ ಮಿಷಿನ್ನಿನ ಪುಟ್ಟ ದಾರದ ಉರುಳೆಯ ಹೆಸರನ್ನೇ, ಬಾಬಿನ್ ಅಂತ, ಇಟ್ಟಿದ್ದರು. ಬಾಬಿನ್ ಬಂದ ಮೇಲೆ ಅವರಿಗೆ ಗಿರಾಕಿಗಳ ಮುಖ ಮರೆಯತೊಡಗಿತು. ಒಬ್ಬರ ಅಂಗಿಗೆ ಇನ್ನೊಬ್ಬರ ಕಾಲರ್ ಕೂರಿಸಿದ್ದೂ ಉಂಟು.

ಒಂದು ಸಂಜೆ ಮಾಸ್ಟರ್ ಬಾಬಿನ್‌ಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಒಂದನೇ ಮಹಡಿ ದಾಟಿದ ಮೇಲೆ ಎದೆ ಡೋಲು ಬಾರಿಸತೊಡಗಿತು. ಎರಡನೆಯದನ್ನು ತಲುಪುವಷ್ಟರಲ್ಲಿ ತೊಡೆ ನಡುಗಿ, ಕಣ್ಣ ಮುಂದೆ ನಕ್ಷತ್ರ ಕಂಡಿತು. ಮಗುವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಕೂಗೋಣವೆಂದರೆ ದನಿ ಇಲ್ಲ. ಮಗು ಮಾತ್ರ ಇದೇನೋ ಹೊಸ ಆಟವೆಂದು ಟೇಪಿನ ತುದಿ ಚೀಪುತ್ತಿತ್ತು. ಹೊತ್ತಾಯಿತಲ್ಲ ಎಂದು ಇಳಿದು ಬಂದ ಮಗಳು ನೋಡಿದ್ದು ಇದನ್ನು.

ಅವಳು ಬೈಯಲಿಲ್ಲ. ಬೈದಿದ್ದರೆ ಮಾಸ್ಟರ್ ತಿರುಗಿ ಬೈದು ಬಿಸಿ ತಣಿಸಿಕೊಳ್ಳುತ್ತಿದ್ದರು. ಮಗುವನ್ನು ಮೆಲ್ಲಗೆ ತೆಗೆದುಕೊಂಡು ಅವಳು ಹೇಳಿದ್ದು ಇಷ್ಟೇ: “ಅಪ್ಪಾ, ಇನ್ಮೇಲೆ ಮಗೂನ ಕೂತ್ಕೊಂಡು ಎತ್ಕೊಳ್ಳಿ. ಮೆಟ್ಟಿಲ ಮೇಲೆ ಬೇಡ.”

ಕಾಲರ್ ಬಿಗಿಯಾಗಿತ್ತು, ಅದಕ್ಕೇ ಹಾಗಾಯಿತು ಎಂದರು ಮಾಸ್ಟರ್. ಆ ಕಾಲರ್ ಹೊಲಿದವರು ಯಾರು ಎಂದು ಹೆಂಡತಿ ಕೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಮರುದಿನದಿಂದ ಮೆಟ್ಟಿಲು ಬಂದ ಕೂಡಲೇ ಮಗಳು ಕೈ ಚಾಚಿ ಮಗುವನ್ನು ವಾಪಸ್ ತೆಗೆದುಕೊಳ್ಳುತ್ತಿದ್ದಳು. ಹಾಗೆ ಕೈ ಚಾಚಿದಾಗಲೆಲ್ಲ ಮಾಸ್ಟರ್ ಮುಖ ಇಸ್ತ್ರಿ ಕಾಣದ ಅಂಗಿಯಂತಾಗುತ್ತಿತ್ತು.

ಇಷ್ಟರಲ್ಲಿ ಕಥೆಗೆ ಸಿಸ್ಟರ್ ಎಂಟ್ರಿ. ಸಿಸ್ಟರ್ ಅಂದರೆ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸ್. ಹೊಸ ಬಿಳಿ ಕೋಟಿಗೆ ಅಳತೆ ಕೊಡಲು ಅಂಗಡಿಗೆ ಬಂದಿದ್ದರು. ಭುಜ, ತೋಳು, ಉದ್ದ ಎಲ್ಲ ಅಳೆದ ಮೇಲೆ ಅವರು ಚೀಲದಿಂದ ಬಿಪಿ ನೋಡುವ ಪಟ್ಟಿ ತೆಗೆದರು. ನೀವು ನನ್ನ ಅಳತೆ ತಗೊಂಡ್ರಿ, ನಾನು ನಿಮ್ಮದು ತಗೋತೀನಿ, ಲೆಕ್ಕ ಚುಕ್ತಾ ಎಂದರು. ಪಟ್ಟಿ ಉಬ್ಬಿತು, ಇಳಿಯಿತು, ಸಿಸ್ಟರ್ ಹುಬ್ಬು ಮೇಲೆ ಹೋಯಿತು. ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೇಂದ್ರಕ್ಕೆ ಬರಬೇಕು, ಬರದಿದ್ದರೆ ಕೋಟು ಬೇರೆ ಕಡೆ ಹೊಲಿಸುತ್ತೇನೆ ಎಂದು ಬೆದರಿಸಿದರು. ಗಿರಾಕಿ ಕೈತಪ್ಪುವ ಭಯಕ್ಕೆ ಮಾಸ್ಟರ್ ಹೋದರು.

ಕೇಂದ್ರದಲ್ಲಿ ರಕ್ತ ನೋಡಿದರು, ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಸಕ್ಕರೆ ಗಡಿಗೆ ಬಂದು ನಿಂತಿದೆ, ಇನ್ನೂ ದಾಟಿಲ್ಲ ಎಂದರು ಡಾಕ್ಟರ್. ಬಿಪಿ ಸ್ವಲ್ಪ ಮೇಲಿದೆ. ಹೃದಯಕ್ಕೆ ರೋಗವೇನೂ ಕಾಣುತ್ತಿಲ್ಲ, ಅದಕ್ಕೆ ಅಭ್ಯಾಸ ತಪ್ಪಿದೆ, ಅಷ್ಟೇ. ಉಪ್ಪು, ಸಿಹಿ, ಕರಿದದ್ದು ಕಡಿಮೆ ಮಾಡಿ, ದಿನಾ ನಡೆಯಿರಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು.

ಮಾಸ್ಟರ್ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಗಹಗಹಿಸಿ ನಕ್ಕರು. ಕೋಟು ನೋಡುವ ನೆಪದಲ್ಲಿ ಸಿಸ್ಟರ್ ಹಿಂದೆಯೇ ಬಂದಿದ್ದರು. ಎದುರಿನ ಬೀಗ ರಿಪೇರಿಯವನೂ ಬಾಗಿಲಲ್ಲಿ ನಿಂತಿದ್ದ. ಇವನು ಮಾಸ್ಟರ್‌ಗೆ ಚಡ್ಡಿ ದೋಸ್ತ್. ಬಾಯಿಗೆ ಬೀಗ ಹಾಕುವುದೊಂದನ್ನು ಬಿಟ್ಟು ಬೀಗದ ಎಲ್ಲ ಕೆಲಸವೂ ಅವನಿಗೆ ಗೊತ್ತು.

“ಸಿಸ್ಟರ್, ನಡಿಯೋದನ್ನ ಬೇರೆಯವರಿಗೆ ಹೇಳಿ,” ಎಂದರು ಮಾಸ್ಟರ್. “ನನ್ನ ಕಾಲು ಬೆಳಗ್ಗೆಯಿಂದ ಪೆಡಲ್ ತುಳೀತಾನೇ ಇರುತ್ತೆ. ಅಷ್ಟನ್ನೂ ರಸ್ತೆ ಮೇಲೆ ತುಳಿದಿದ್ರೆ ಇಷ್ಟೊತ್ತಿಗೆ ಭೂಮಿ ಒಂದು ಸುತ್ತು ಹಾಕಿ ಬಂದಿರ್ತಿದ್ದೆ.”

ಬೀಗದವನು ಕೆಮ್ಮಿದ. “ಲೋ ಭೂಮಿ ಸುತ್ತಿದೋನೇ, ಆ ಮಿಷಿನ್‌ಗೆ ಮೋಟಾರ್ ಕೂರಿಸಿ ಎಷ್ಟು ಕಾಲ ಆಯ್ತೋ? ಅದನ್ನ ಹೊತ್ಕೊಂಡು ಬಂದೋನು ನಾನು. ನೀನು ಈಗ ತುಳಿಯೋದು ಪೆಡಲ್ ಅಲ್ಲ ಕಣೋ, ಸ್ವಿಚ್ಚು.”

ಮಾಸ್ಟರ್ ಹೊಟ್ಟೆಯನ್ನು ಒಂದು ಕಡೆಗೆ ಸರಿಸಿಕೊಂಡು ಮೇಜಿನ ಕೆಳಗೆ ಬಗ್ಗಿ ನೋಡಿದರು. ಬಲಗಾಲಿನ ಹೆಬ್ಬೆರಳು ಒಂದು ಪುಟ್ಟ ಕಪ್ಪು ಡಬ್ಬಿಯ ಮೇಲಿತ್ತು. ಎಡಗಾಲು ಚೂರುಬಟ್ಟೆಯ ಗಂಟಿನ ಮೇಲೆ ಆರಾಮಾಗಿ ಮಲಗಿತ್ತು. ಹಳೆಯ ಕಬ್ಬಿಣದ ಪೆಡಲಿಗೆ ಜೇಡ ಬಲೆ ಕಟ್ಟಿತ್ತು. ಅವರು ಸುಳ್ಳು ಹೇಳಿರಲಿಲ್ಲ, ಪಾಪ. ಮಿಷಿನ್ ಓಡುವ ಸದ್ದು ಹಾಗೇ ಇತ್ತು. ಸದ್ದು ಕೇಳಿಸುತ್ತಿದೆ ಅಂದರೆ ಕಾಲು ಓಡುತ್ತಿದೆ ಎಂದೇ ಇಷ್ಟು ಕಾಲ ತಿಳಿದುಕೊಂಡಿದ್ದರು.

ಸಿಸ್ಟರ್ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ನಿಧಾನಕ್ಕೆ ವಿವರಿಸಿದರು. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ಹೃದಯಕ್ಕೆ ಕೆಲಸ ಸಿಕ್ಕಿ ಅದು ಗಟ್ಟಿಯಾಗುತ್ತದೆ, ಬಿಪಿ ಹತೋಟಿಗೆ ಬರುತ್ತದೆ. ಕೀಲುಗಳ ಬಿಗಿ ಸಡಿಲುತ್ತದೆ. ರಾತ್ರಿ ನಿದ್ದೆ ಬರುತ್ತದೆ, ಹಗಲು ಸಿಡುಕು ಕಡಿಮೆಯಾಗುತ್ತದೆ. ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆ ನಡೆಯಬೇಕು. ಒಂದೇ ಸಲ ಆಗದಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಪಾಲು ಮಾಡಿಕೊಂಡರೂ ನಡೆಯುತ್ತದೆ. ಮೊದಮೊದಲು ನಿಧಾನ, ಆಮೇಲೆ ಬಿರುಸು. ನಡುವೆ ಎದೆ ನೋವೋ ತಲೆಸುತ್ತೋ ಬಂದರೆ ಅಲ್ಲೇ ನಿಲ್ಲಿಸಿ ಸೀದಾ ಡಾಕ್ಟರ್ ಹತ್ತಿರ ಹೋಗಬೇಕು.

“ಬಿರುಸು ಅಂದ್ರೆ ಎಷ್ಟು?” ಎಂದು ಕೇಳಿದರು ಮಾಸ್ಟರ್. ಅಳತೆ ಇಲ್ಲದ ಮಾತು ಟೈಲರ್‌ಗೆ ಹಿಡಿಸುವುದಿಲ್ಲ.

“ಸುಲಭ. ನಡೆಯುವಾಗ ಮಾತು ಬರಬೇಕು, ಹಾಡು ಬರಬಾರದು. ಅಷ್ಟು ಬಿರುಸು.”

ನೆನಪಿಡಿ, ಇಡೀ ಕಥೆ ಹಾದಿ ತಪ್ಪಿದ್ದು ಈ ಒಂದು ಡೈಲಾಗಿನಿಂದ. ಸಿಸ್ಟರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮಾಸ್ಟರ್ ಕಿವಿಗೆ ಕೇಳಿಸಿದ್ದು ಬೇರೆ: ನಡೆಯುವಾಗ ಹಾಡಬೇಡಿ, ಮಾತಾಡಿ.

ಮಾತಾಡಿ ಅಂತ ಡಾಕ್ಟರ್ ಕಡೆಯವರೇ ಹೇಳಿದ ಮೇಲೆ ಕೇಳಬೇಕೇ? ಮರುದಿನವೇ ಮಾಸ್ಟರ್ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು ಹಾಕಿಕೊಂಡು ಹೊರಟರು. ಹಾಲಿನ ಅಂಗಡಿ ಮುಂದೆ ನಿಂತು ಮಾತು. ಕ್ಷೌರದ ಅಂಗಡಿ ಮುಂದೆ ನಿಂತು ಮಾತು, ಒಳಗೆ ಕತ್ತರಿಸಿಕೊಳ್ಳುತ್ತಿದ್ದವರ ತಲೆ ಬಗ್ಗೆ ಒಂದಿಷ್ಟು ಸಲಹೆ. ಸೈಕಲ್ ರಿಪೇರಿಯವನ ಹತ್ತಿರ ಟೀ, ಜೊತೆಗೆ ಎರಡು ಬಿಸ್ಕತ್ತು. ಗಂಟೆಗಟ್ಟಲೆ ವಾಕಿಂಗ್ ಮುಗಿಸಿ ವಾಪಸ್ ಬಂದಾಗ ಅವರ ದವಡೆ ನೋಯುತ್ತಿತ್ತು. ಮನೆಯಲ್ಲಿ ಬಾಬಿನ್ ಗೋಡೆ ಹಿಡಿದು ಹೆಜ್ಜೆ ಇಡಲು ಶುರು ಮಾಡಿದ್ದಳು. ನಮ್ಮನೇಲಿ ಈಗ ಇಬ್ಬರು ನಡೆಯೋದು ಕಲೀತಿದಾರೆ ಎಂದು ಹೆಂಡತಿ ಬೀದಿಗೆಲ್ಲ ಸಾರಿದರು.

ಹೀಗೇ ವಾರಗಳು ಕಳೆದವು. ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಮಾಸ್ಟರ್ ಒಬ್ಬರೇ ಮೆಟ್ಟಿಲು ಪರೀಕ್ಷೆಗೆ ಇಳಿದರು. ಎರಡನೇ ಮಹಡಿಯಲ್ಲಿ ಅದೇ ಡೋಲು, ಅದೇ ನಕ್ಷತ್ರ. ಗೋಡೆಗೆ ಒರಗಿ ನಿಂತಾಗ ಅವರಿಗೆ ಅವಮಾನವಾಯಿತು, ಸಿಟ್ಟೂ ಬಂತು. ಸಂಜೆ ಅಳಿಯನ ಫೋನ್ ಬಂತು: ಮನೆ ಸಿಗುವ ಹಾಗಿದೆ, ಇನ್ನು ಎರಡು ಮೂರು ತಿಂಗಳಷ್ಟೇ. ಮಗಳು ಹೋದ ಮೇಲೆ ಬಾಬಿನ್ ಯಾವಾಗ ಬರುತ್ತಾಳೋ ಏನೋ. ಬರುವಷ್ಟರಲ್ಲಿ ಎತ್ತಿಕೊಳ್ಳುವ ವಯಸ್ಸು ದಾಟಿರುತ್ತದೆ. ಅಷ್ಟೂ ಕಾಲ ಮಗಳ ಮನಸ್ಸಲ್ಲಿ ಉಳಿಯುವುದು ಏನು? ಮೆಟ್ಟಿಲ ಮೇಲೆ ಕುಸಿದು ಕೂತ ಅಪ್ಪ.

ಕೋಟು ತೆಗೆದುಕೊಂಡು ಹೋಗಲು ಬಂದ ಸಿಸ್ಟರ್ ಮುಂದೆ ಎಲ್ಲ ಸಿಡಿಯಿತು. ನಡೆಯೋದೆಲ್ಲ ಬರೀ ಬಿಲ್ಡಪ್, ಇಷ್ಟು ದಿನ ನಡೆದು ಸವೆದದ್ದು ನಾಲಿಗೆ ಮಾತ್ರ ಎಂದು ಮಾಸ್ಟರ್ ಗುಡುಗಿದರು. ನಾಲಿಗೆ ಎಂದ ಕೂಡಲೇ ಸಿಸ್ಟರ್‌ಗೆ ಏನೋ ಅನುಮಾನ ಬಂತು. ಬನ್ನಿ, ಇವತ್ತು ನಾನೂ ಜೊತೆಗೆ ನಡೀತೀನಿ ಎಂದರು.

ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಅವರಿಗೆ ಎಲ್ಲ ಅರ್ಥವಾಗಿತ್ತು. ಹಾಲಿನವನ ಜೊತೆ ಮಾತು ಮುಗಿಯುವವರೆಗೆ ಕಾದರು. ಕ್ಷೌರದಂಗಡಿಯಲ್ಲೂ ಕಾದರು. ಟೀ ಲೋಟ ಕೈಗೆ ಬಂದಾಗ ತಡೆಯಲಾಗಲಿಲ್ಲ.

“ಮಾಸ್ಟರ್, ಇದು ವಾಕಿಂಗ್ ಅಲ್ಲ. ಮೆರವಣಿಗೆ.”

“ನೀವೇ ತಾನೇ ಮಾತಾಡಿ ಅಂದಿದ್ದು?”

“ಮಾತಾಡಿ ಅಂದಿಲ್ಲ, ಮಾತು ಬರಬೇಕು ಅಂದೆ. ಅದು ಅಳತೆ ಮಾಸ್ಟರ್. ಉಸಿರು ಸ್ವಲ್ಪ ಏರಬೇಕು. ಎಷ್ಟು ಏರಬೇಕು? ಮಾತಾಡೋಕೆ ಆಗುವಷ್ಟು, ಹಾಡೋಕೆ ಆಗದಷ್ಟು. ನೀವು ಬರೀ ಟೇಪ್ ಹಿಡ್ಕೊಂಡು ನಿಂತ್ರೆ ಪ್ಯಾಂಟ್ ಆಗುತ್ತಾ? ಬಟ್ಟೆಗೆ ಕತ್ತರಿ ಹಾಕ್ಬೇಕಲ್ವಾ?”

ಮಾಸ್ಟರ್ ಲೋಟ ಕೆಳಗಿಟ್ಟರು. ಟೇಪಿನ ಭಾಷೆಯಲ್ಲಿ ಹೇಳಿದ್ದು ಸೀದಾ ಎದೆಗೆ ಇಳಿದಿತ್ತು. ಸಿಸ್ಟರ್ ಅವರ ಬೂಟು ನೋಡಿ ಅದನ್ನೂ ಬಿಡಿಸಿದರು. ಗಟ್ಟಿ ತೊಗಲು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮೆತ್ತಗಿನ ಅಟ್ಟೆ ಇರುವ, ಬೆರಳಿಗೆ ಜಾಗ ಬಿಡುವ ಬೂಟು ಹಾಕಬೇಕು, ಸಕ್ಕರೆ ಗಡಿಯಲ್ಲಿರುವವರು ದಿನಾ ಪಾದ ನೋಡಿಕೊಳ್ಳಬೇಕು ಎಂದರು.

ಬೀದಿಯವರ ಬಾಯಿಂದ ಮಾಸ್ಟರನ್ನು ಪಾರು ಮಾಡಲು ಸಿಸ್ಟರ್ ಒಬ್ಬರು ಕಾವಲುಗಾರರನ್ನೂ ನೇಮಿಸಿದರು. ಯಾರು ಗೊತ್ತೇ? ಮಾಸ್ಟರ್ ಹೆಂಡತಿ. ಬಗ್ಗಿ ಬಗ್ಗಿ ಅಂಚು ಹೊಲಿದು ಅವರ ಬೆನ್ನೂ ಹಿಡಿದುಕೊಂಡಿತ್ತು. ದಿನಕ್ಕೆ ಎಷ್ಟೋ ಸಲ ಮೆಟ್ಟಿಲು ಹತ್ತಿ ಇಳಿದ ಕಾಲು ಮಾತ್ರ ಬಲವಾಗಿತ್ತು.

“ರೀ, ನಾನು ಯಾರಿಗೂ ನಿಲ್ಲಲ್ಲ. ನಿಮಗೂ ನಿಲ್ಲಲ್ಲ. ಹಿಡಿಯೋಕಾದ್ರೆ ಹಿಡೀರಿ,” ಎಂದವರೇ ಹೊರಟುಬಿಟ್ಟರು.

ಫಿಲ್ಮಿನಲ್ಲಿ ಹೀರೋಯಿನ್ ಓಡಿದರೆ ಹೀರೋ ಹಾಡುತ್ತಾ ಹಿಂದೆ ಓಡುತ್ತಾನೆ. ಇಲ್ಲಿ ಹೀರೋಗೆ ಹಾಡಿರಲಿ, ಮಾತೂ ಬರಲಿಲ್ಲ. ಹಾಲಿನವನು ಕೈ ಬೀಸಿದ, ಮಾಸ್ಟರ್ ಬರೀ ಕೈ ಬೀಸಿ ಮುಂದೆ ಹೋದರು. ಮಾತು ಬರದಷ್ಟು ದಮ್ಮು ಕಟ್ಟಿದರೆ ವೇಗ ಇಳಿಸಬೇಕೆಂದು ಸಿಸ್ಟರ್ ಹೇಳಿದ್ದು ನೆನಪಾಗಿ ಹೆಂಡತಿ ಸ್ವಲ್ಪ ಇಳಿಸಿಕೊಂಡರು. ಉಸಿರು ಹಿಡಿತಕ್ಕೆ ಬಂದ ಮೇಲೆ ಮಾಸ್ಟರ್ ಸ್ವಲ್ಪ ಏರಿಸಿಕೊಂಡರು. ನೀರಿನ ಟ್ಯಾಂಕಿನ ಹತ್ತಿರ ಇಬ್ಬರ ಹೆಜ್ಜೆಯೂ ಒಂದಾಯಿತು.

ಮೊದಲ ವಾರ ಮೀನಖಂಡ ನೋಯಿತು. ಎರಡನೇ ವಾರ ಇವತ್ತೊಂದು ದಿನ ಬೇಡ ಎಂದು ಮುಸುಕು ಎಳೆದುಕೊಂಡರು. ಹೆಂಡತಿ ಮುಸುಕು ಎಳೆದು ಹಾಕಿದರು. ಮಳೆ ಬಂದ ದಿನ ಕಟ್ಟಡದೊಳಗಿನ ಉದ್ದನೆಯ ಕಾರಿಡಾರ್‌ನಲ್ಲೇ ಆ ಕಡೆಯಿಂದ ಈ ಕಡೆಗೆ ನಡೆದರು. ಮಿಷಿನ್ ಮುಂದೆ ಕೂತಾಗಲೂ ಗಂಟೆಗೊಂದು ಸಲ ಎದ್ದು ನಿಲ್ಲುವ ಅಭ್ಯಾಸವಾಯಿತು. ಊಟಕ್ಕೆ ತಾವೇ ಮೇಲೆ ಹೋಗತೊಡಗಿದರು, ಮೊದಲು ಪ್ರತಿ ಮಹಡಿಯಲ್ಲೂ ನಿಂತು, ಆಮೇಲೆ ನಿಲ್ಲದೆ.

ಇನ್ನೊಂದು ಮಜಾ ಆಯಿತು. ಇಷ್ಟು ವರ್ಷ ಮಿಷಿನ್ ಸದ್ದಿನ ನಡುವೆ ಗಂಡ ಹೆಂಡತಿಯ ಸಂಭಾಷಣೆ ‘ದಾರ ಎಲ್ಲಿ’, ‘ಅಲ್ಲೇ ಇದೆ’ಗಿಂತ ಮುಂದೆ ಹೋಗಿರಲಿಲ್ಲ. ಈಗ ದಿನಾ ಅರ್ಧ ಗಂಟೆ ಮಿಷಿನ್ ಸದ್ದೇ ಇಲ್ಲ. ಗುಂಡಿ ಹಾಕಿ ಹಾಕಿ ತನಗೆ ಸಾಕಾಗಿದೆ, ಕಟಿಂಗ್ ಕಲಿಯಬೇಕು ಎಂದು ಒಂದು ದಿನ ಅವರು ನಡೆಯುತ್ತಾ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದರು ಮಾಸ್ಟರ್. ಹೇಳಿದ್ದೆ, ನೀವು ಹ್ಞೂಂ ಅಂದು ದಾರ ಕೇಳಿದ್ರಿ ಎಂದು ಉತ್ತರ ಬಂತು. ಈಗ ಕತ್ತರಿ ಮೇಜಿನ ಮುಂದೆ ಅವರು ನಿಲ್ಲುತ್ತಾರೆ. ಬೆನ್ನೂ ಸುಧಾರಿಸಿದೆ.

ಒಂದು ಸಂಜೆ ಏರು ರಸ್ತೆಯಲ್ಲಿ ಮಾಸ್ಟರ್ ಅಳತೆ ನೋಡೋಣವೆಂದು ಗಂಟಲು ಸರಿ ಮಾಡಿಕೊಂಡು ಹಾಡು ಎತ್ತಿಕೊಂಡರು. ಎರಡನೇ ಸಾಲಿಗೆ ಉಸಿರು ಕಡಿಯಿತು. ಅಬ್ಬಾ, ಹಾಡು ಬರ್ತಿಲ್ಲ ಕಣೇ ಎಂದು ಹಿಗ್ಗಿ ಹೀರೇಕಾಯಿಯಾದರು. ನಿಮಗೆ ಕೂತಾಗಲೂ ಬರ್ತಿರಲಿಲ್ಲ ಎಂದರು ಹೆಂಡತಿ.

ಕೇಂದ್ರದಲ್ಲಿ ಮತ್ತೆ ರಕ್ತ ನೋಡಿದಾಗ ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು. ಬಿಪಿ ಇಳಿದಿತ್ತು. ನಿದ್ದೆ ಹೇಗಿದೆ ಎಂದು ಡಾಕ್ಟರ್ ಕೇಳಿದರು. ಗೊರಕೆಗೆ ಪಕ್ಕದ ಮನೆಯವರು ಗೋಡೆ ತಟ್ಟುವುದು ನಿಂತಿದೆ ಎಂದು ಹೆಂಡತಿ ವರದಿ ಒಪ್ಪಿಸಿದರು. ಬಿಚ್ಚಿ ಅಗಲ ಮಾಡಿದ್ದ ಪ್ಯಾಂಟುಗಳನ್ನು ಮಾಸ್ಟರ್ ಬಾಗಿಲು ತೆರೆದಿಟ್ಟುಕೊಂಡೇ, ಎಲ್ಲರೂ ನೋಡಲಿ ಎಂದು, ಮತ್ತೆ ಚಿಕ್ಕದು ಮಾಡಿದರು. ಬೀಗದವನು ಎರಡು ದಿನ ಹೊಟ್ಟೆಕಿಚ್ಚಿನಿಂದ ನೋಡಿ, ಮೂರನೇ ದಿನ ಅಂಗಡಿಗೆ ಬೀಗ ಜಡಿದು ತಾನೂ ಹಿಂದೆ ಹೊರಟ.

ಇಷ್ಟಾದರೂ ಮಗಳ ಆರ್ಡರ್ ಹಾಗೇ ಇತ್ತು. ಮೆಟ್ಟಿಲು ಬಂತೆಂದರೆ ಅವಳ ಕೈ ಚಾಚುತ್ತಿತ್ತು. ಮಾಸ್ಟರ್ ಕೇಳಲಿಲ್ಲ. ಕೇಳಿ ಪಡೆದರೆ ಅದರಲ್ಲೇನು ಗತ್ತು? ಅದರ ಬದಲು ಬಾಬಿನ್‌ಳಷ್ಟೇ ತೂಕದ ಒಂದು ಬಟ್ಟೆ ಥಾನು ಆರಿಸಿ, ಹೆಗಲಿಗೆ ಒರಗಿಸಿಕೊಂಡು, ದಿನಾ ಮಧ್ಯಾಹ್ನ ಊಟಕ್ಕೆ ಹತ್ತುವಾಗ ಅಭ್ಯಾಸ ಮಾಡತೊಡಗಿದರು. ಅಳತೆ ತಪ್ಪಬಾರದಲ್ಲ, ಥಾನಿನ ಜೊತೆ ಮಾತೂ ಆಡುತ್ತಿದ್ದರು. “ಬಾಬಿನ್, ಭಯ ಆಗ್ತಿದೆಯಾ? ಅಜ್ಜಂಗೆ ಉಸಿರು ಸರಿಯಾಗಿದೆ, ಕೇಳಿಸ್ತಾ?” ಎಂದು ಥಾನಿನ ಬೆನ್ನು ತಟ್ಟುತ್ತಿದ್ದುದನ್ನು ತಾಯಿ ಮಗಳು ಮೇಲಿನ ಕಟಕಟೆಯಿಂದ ಬಗ್ಗಿ ನೋಡಿದರು. ನಕ್ಕರೆ ಕೇಳಿಸೀತೆಂದು ಬಾಯಿಗೆ ಸೆರಗು, ಕೈ ಏನು ಸಿಕ್ಕಿತೋ ಅದನ್ನು ಒತ್ತಿಕೊಂಡು ಒಳಗೆ ಓಡಿದರು. ಒಳಗೆ ಹೋದ ಮೇಲೆ ಮಗಳು ನಗಲಿಲ್ಲ. ಸುಮ್ಮನೆ ಕಣ್ಣು ಒರೆಸಿಕೊಂಡಳು.

ಇನ್ನು ನಿಮ್ಮ ಕಡೆ ತಿರುಗುತ್ತೇನೆ, ಓದುಗ ಮಹಾಶಯರೇ. ಅಕ್ಕ, ಅಣ್ಣ, ಅಜ್ಜಿ, ಮಾವ, ಯಾರೇ ಆಗಿರಿ. ನಿಮ್ಮ ಮಿಷಿನ್‌ಗೂ ಎಲ್ಲೋ ಒಂದು ಮೋಟಾರ್ ಕೂತಿರುತ್ತದೆ. ಗಾಡಿಯೋ, ಮೆತ್ತನೆಯ ಕುರ್ಚಿಯೋ, ಕೈಯಲ್ಲಿರುವ ಫೋನೋ. ಸದ್ದು ಜೋರಾಗಿದೆ, ನಾನು ಬ್ಯುಸಿ ಅಂದುಕೊಂಡಿರುತ್ತೀರಿ. ಒಂದು ಸಲ ಬಗ್ಗಿ ಕಾಲು ಏನು ಮಾಡುತ್ತಿದೆ ನೋಡಿ. ದಿನಾ ಅರ್ಧ ಗಂಟೆ ಅದಕ್ಕೆ ಕೊಡಿ. ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲೇ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿ. ನಡೆಯುತ್ತಿದ್ದೇನೆ ಎಂದು ನಿಮ್ಮಷ್ಟಕ್ಕೆ ಮಾತ್ರೆ ನಿಲ್ಲಿಸಬೇಡಿ. ಜೊತೆಗೆ ಒಬ್ಬರನ್ನು ಎಳೆದುಕೊಂಡು ಹೋಗಿ, ಎದುರಿಗೆ ಸಿಕ್ಕವರಿಗೆ ಬರೀ ಕೈ ಬೀಸಿ.

ಇನ್ನು ಆ ಕ್ಲೈಮ್ಯಾಕ್ಸ್. ಶಿಳ್ಳೆ, ಚಪ್ಪಾಳೆ ಎಂದು ಮೊದಲಿಗೆ ಒಂದಿಷ್ಟು ಒಗ್ಗರಣೆ ಹಾಕಿದ್ದೆ. ನಿಜವಾಗಿ ಆದದ್ದು ಇದು.

ಹೊರಡುವ ಹಿಂದಿನ ದಿನ ಮಗಳು ಅಂಗಡಿ ಬೀದಿಯಿಂದ ಬಂದಳು, ಎರಡೂ ಕೈಯಲ್ಲಿ ಚೀಲ. ಬಾಬಿನ್ ಕತ್ತರಿ ಮೇಜಿನ ಮೇಲೆ, ಅಜ್ಜಿಯ ಕಾವಲಿನಲ್ಲಿ ನಿದ್ದೆ ಹೋಗಿದ್ದಳು. ಮಗಳು ನೋಡಿದಳು, ಏನೋ ಯೋಚಿಸುತ್ತಾ ಮೆಟ್ಟಿಲ ಕಡೆಗೆ ನಡೆದಳು, ಹತ್ತುತ್ತಲೇ ಹೇಳಿದಳು: “ಅಪ್ಪಾ, ಮಗೂನ ಎತ್ಕೊಂಡು ಬನ್ನಿ.”

ಮಾಸ್ಟರ್ ಎತ್ತಿಕೊಂಡರು. ಬಲಗೈ ಗಾಳಿಯಲ್ಲಿರಲಿಲ್ಲ, ಕಟಕಟೆಯನ್ನು ಭದ್ರವಾಗಿ ಹಿಡಿದಿತ್ತು. ಒಂದನೇ ಮಹಡಿಯಲ್ಲಿ ಕಸದ ಬುಟ್ಟಿ ಹಿಡಿದು ಇಳಿಯುತ್ತಿದ್ದ ಒಬ್ಬರು ನನ್ನ ಪ್ಯಾಂಟ್ ಆಯ್ತಾ ಎಂದು ಕೇಳಿದರು. ನಾಳೆ ಸಂಜೆ ಟ್ರಯಲ್‌ಗೆ ಬನ್ನಿ ಎಂದರು ಮಾಸ್ಟರ್, ಪೂರ್ತಿ ವಾಕ್ಯ, ನಡುವೆ ಎಲ್ಲೂ ಉಸಿರು ಕಡಿಯದೆ. ಒಂದೇ ಉಸಿರಿನಲ್ಲಿ ಹತ್ತಿದರು ಅಂದಿದ್ದೂ ಸುಳ್ಳು. ಎರಡನೇ ಮಹಡಿಯಲ್ಲಿ ಒಂದು ಗಳಿಗೆ ನಿಂತರು. ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಲು ಎಂದು ಅವರು ಹೇಳುತ್ತಾರೆ, ನಾವೂ ಹಾಗೇ ಅನ್ನೋಣ. ಮಗು ಎಚ್ಚರವಾಗಲಿಲ್ಲ. ಜೊಲ್ಲು ಸುರಿಸಿ ಕಾಲರ್ ಒದ್ದೆ ಮಾಡಿತು.

ಮೂರನೇ ಮಹಡಿಯಲ್ಲಿ ಯಾರೂ ದಾರಿ ಬಿಡಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಮಗಳು ಚೀಲ ಬಿಚ್ಚುತ್ತಾ ಅಡುಗೆಮನೆಯಲ್ಲಿದ್ದಳು. ಮಗುವನ್ನು ಕೆಳಗೆ ಅಪ್ಪನ ಕೈಗೆ ಬಿಟ್ಟು ಬಂದವಳು ಅಷ್ಟೂ ಮೆಟ್ಟಿಲಿನಲ್ಲಿ ಒಂದು ಸಲವೂ ಹಿಂದಿರುಗಿ ನೋಡಿರಲಿಲ್ಲ.